ಒಂದೇ ಕೆಲಸದ ಎರಡು ಜೀನ್: ಯೀಸ್ಟ್‌ನಲ್ಲಿ ಜಿಪಿಡಿ1, ಜಿಪಿಡಿ2 ಅಳಿಸಿದ ಒಂದು ಪ್ರಕರಣ

ಹಿನ್ನೆಲೆ

ಕಾಕಂಬಿಯಿಂದ ಎಥನಾಲ್ ತೆಗೆಯುವವರ ಲೆಕ್ಕದಲ್ಲಿ ಗ್ಲಿಸರಾಲ್ ಅಂದರೆ ಕೈತಪ್ಪಿದ ಸಕ್ಕರೆ. ಯೀಸ್ಟ್ ತಿಂದ ಸಕ್ಕರೆಯಲ್ಲಿ ನೂರಕ್ಕೆ ನಾಲ್ಕೈದು ಪಾಲು ಎಥನಾಲ್ ಆಗದೆ ಗ್ಲಿಸರಾಲ್ ಆಗಿ ವಾಶ್‌ನಲ್ಲೇ (ಹುದುಗುವ ಕಾಕಂಬಿ ದ್ರವದಲ್ಲೇ) ಉಳಿದುಬಿಡುತ್ತದೆ. ಕಬ್ಬಿನ ಸೀಮೆಯ ಒಂದು ಸ್ನಾತಕೋತ್ತರ ಪ್ರಯೋಗಾಲಯ ಈ ಸೋರಿಕೆಯನ್ನು ಜೀನ್ ಮಟ್ಟದಲ್ಲೇ ನಿಲ್ಲಿಸಬಹುದೇ ಎಂದು ನೋಡಲು ಹೊರಟಿತ್ತು. ಸಂಸ್ಥೆಯ, ಊರಿನ, ಕೆಲಸ ಮಾಡಿದವರ ಗುರುತು ಇಲ್ಲಿ ಕೊಟ್ಟಿಲ್ಲ. ತಂಡ ಎಲ್ಲೆಲ್ಲಿ ಯಾವ ತೀರ್ಮಾನ ತೆಗೆದುಕೊಂಡಿತು, ಅದರಲ್ಲಿ ಯಾವುದು ನಿಂತಿತು, ಯಾವುದು ಬಿತ್ತು ಎಂಬುದೇ ಇಲ್ಲಿ ಮುಖ್ಯ.

ಬೇಕರಿ ಯೀಸ್ಟ್ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೆಯಲ್ಲಿ ಗ್ಲಿಸರಾಲ್ ಎರಡು ಹೆಜ್ಜೆಯಲ್ಲಿ ತಯಾರಾಗುತ್ತದೆ. ಸಕ್ಕರೆ ಒಡೆಯುವ ದಾರಿಯಾದ ಗ್ಲೈಕೊಲಿಸಿಸ್‌ನ ನಡುವೆ ಸಿಗುವ ಡೈಹೈಡ್ರಾಕ್ಸಿಅಸಿಟೋನ್ ಫಾಸ್ಫೇಟನ್ನು ಗ್ಲಿಸರಾಲ್-3-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಗ್ಲಿಸರಾಲ್-3-ಫಾಸ್ಫೇಟ್ ಮಾಡುತ್ತದೆ. ಈ ಹೆಜ್ಜೆಗೆ ಒಂದು ಎನ್‌ಎಡಿಎಚ್ ಖರ್ಚಾಗಿ ಎನ್‌ಎಡಿ ಮರಳಿ ಸಿಗುತ್ತದೆ. ಎನ್‌ಎಡಿಎಚ್ ಅಂದರೆ ಕೋಶದೊಳಗೆ ಎಲೆಕ್ಟ್ರಾನ್ ಹೊತ್ತೊಯ್ಯುವ ಅಣು, ಹೊರೆ ಇಳಿಸಿದ ಮೇಲೆ ಅದೇ ಎನ್‌ಎಡಿ. ಎರಡನೆಯ ಹೆಜ್ಜೆಯಲ್ಲಿ ಫಾಸ್ಫಟೇಸ್ ಕಿಣ್ವ ಫಾಸ್ಫೇಟನ್ನು ಕಿತ್ತು ಗ್ಲಿಸರಾಲ್ ಬಿಡುತ್ತದೆ. ಮೊದಲ ಕಿಣ್ವಕ್ಕೆ ಎರಡು ಜೀನ್‌ಗಳಿವೆ: ನಾಲ್ಕನೆಯ ಕ್ರೋಮೊಸೋಮಿನಲ್ಲಿ ಜಿಪಿಡಿ1, ಹದಿನೈದನೆಯದರಲ್ಲಿ ಜಿಪಿಡಿ2. ಎರಡರ ಪ್ರೋಟೀನುಗಳೂ ನೂರಕ್ಕೆ ಸುಮಾರು 70ರಷ್ಟು ಒಂದೇ ತೆರನಾಗಿವೆ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಈ ಯೀಸ್ಟ್‌ನ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾಯಿತು. ಹೆಚ್ಚಿನ ಪ್ರತಿಗಳು ಕಾಲಕ್ರಮೇಣ ಕಳೆದುಹೋಗಿ ಸುಮಾರು 550 ಜೋಡಿಗಳು ಉಳಿದುಕೊಂಡವು. ಅಂಥ ಜೋಡಿಗಳಲ್ಲಿ ಇದೂ ಒಂದು.

ತಂಡದ ಪ್ರಸ್ತಾವ ನೇರವಾಗಿತ್ತು. ಒಂದು ಜೀನ್ ಇನ್ನೊಂದಕ್ಕೆ ಬದಲಿ. ಎರಡನ್ನೂ ಅಳಿಸಿದರೆ ಗ್ಲಿಸರಾಲ್ ನಿಲ್ಲುತ್ತದೆ, ಆ ಸಕ್ಕರೆ ಎಥನಾಲ್ ಕಡೆ ಹರಿಯುತ್ತದೆ. ಯೀಸ್ಟ್‌ನ ಸುಮಾರು 6,000 ಜೀನ್‌ಗಳನ್ನು ಒಂದೊಂದಾಗಿ ಅಳಿಸಿ ನೋಡಿದಾಗ ಐದನೇ ಒಂದು ಪಾಲಿನಷ್ಟು ಮಾತ್ರ ಅನಿವಾರ್ಯ ಎಂದು ಕಂಡುಬಂದಿದೆ. ಆ ಅನಿವಾರ್ಯದ ಪಟ್ಟಿಯಲ್ಲಿ ಈ ಎರಡೂ ಇಲ್ಲ. ಪ್ರಸ್ತಾವದ ಧೈರ್ಯ ಬಂದದ್ದೇ ಅಲ್ಲಿಂದ.

ತಳಿ ಕಟ್ಟಿದ ಬಗೆ

ಮೂಲ ತಳಿ ಬಿವೈ4741 ಎಂಬ ಪ್ರಯೋಗಾಲಯದ ಯೀಸ್ಟ್. ಒಂದೊಂದು ಜೀನ್ ಅಳಿಸಿದ ತಳಿಗಳ ಸಂಗ್ರಹದಲ್ಲಿ ಈ ಎರಡೂ ಜೀನ್‌ಗಳ ಒಂಟಿ ಅಳಿಕೆ ತಳಿಗಳು ಸಿಗುತ್ತವೆ, ಆದರೆ ಎರಡರಲ್ಲೂ ಗುರುತು ಒಂದೇ: ಜಿ418 ಎಂಬ ಔಷಧಿಯನ್ನು ತಾಳುವ ಕ್ಯಾನ್‌ಎಂಎಕ್ಸ್ ಎಂಬ ಡಿಎನ್‌ಎ ತುಂಡು. ಇವುಗಳನ್ನು ಕೂಡಿಸಿ ಬೀಜಕಗಳನ್ನು ಬಿಡಿಸಿದರೆ ಯಾವುದು ಜೋಡಿ ಅಳಿಕೆ ಎಂದು ಜಿ418 ಪ್ಲೇಟ್ ಒಂದೇ ಹೇಳಲಾರದು. ನಾಲ್ಕು ಬೀಜಕದ ಚೀಲದಲ್ಲಿ ನಾಲ್ಕೂ ತಾಳಿದರೆ ಎಲ್ಲವೂ ಒಂಟಿ ಅಳಿಕೆ. ಎರಡು ತಾಳಿ ಎರಡು ಸತ್ತರೆ ತಾಳಿದ ಎರಡೂ ಜೋಡಿ ಅಳಿಕೆ. ಮೂರು ತಾಳಿದರೆ ಅವುಗಳಲ್ಲಿ ಯಾವುದೋ ಒಂದು. ಪ್ರಯೋಗಾಲಯದಲ್ಲಿ ಬೀಜಕ ಬಿಡಿಸುವ ಸೂಕ್ಷ್ಮದರ್ಶಕ ಇರಲಿಲ್ಲವಾದ್ದರಿಂದ ತಂಡ ಬೇರೆ ದಾರಿ ಹಿಡಿಯಿತು: ಜಿಪಿಡಿ1 ಅಳಿಸಿದ ತಳಿಯಲ್ಲೇ ಜಿಪಿಡಿ2 ಜಾಗಕ್ಕೆ ನರ್ಸಿಯೊತ್ರಿಸಿನ್ ಎಂಬ ಇನ್ನೊಂದು ಔಷಧಿ ತಾಳುವ ನ್ಯಾಟ್‌ಎಂಎಕ್ಸ್ ತುಂಡನ್ನು ಕೂರಿಸುವುದು. ಇದರಲ್ಲಿ ಒಂದು ಅಪಾಯವಿದೆ. ಕ್ಯಾನ್ ಮತ್ತು ನ್ಯಾಟ್ ತುಂಡುಗಳ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ತುದಿ) ಮತ್ತು ಟರ್ಮಿನೇಟರ್ (ನಿಲ್ಲಿಸುವ ತುದಿ) ಒಂದೇ. ಹೊಸ ತುಂಡು ಜಿಪಿಡಿ2ಕ್ಕೆ ಹೋಗುವ ಬದಲು ಜಿಪಿಡಿ1 ಜಾಗದ ಕ್ಯಾನ್ ತುಂಡನ್ನೇ ಪಲ್ಲಟಿಸಿ ಕೂತುಬಿಡಬಹುದು. ಹಾಗಾದ ಕಾಲೊನಿ ನರ್ಸಿಯೊತ್ರಿಸಿನ್ ತಾಳುತ್ತದೆ, ಜಿ418 ತಾಳುವುದಿಲ್ಲ. ಆದ್ದರಿಂದ ಪ್ರತಿ ಕಾಲೊನಿಯನ್ನೂ ಎರಡೂ ಪ್ಲೇಟಿಗೆ ಒತ್ತಿ ನೋಡಿ, ಎರಡರಲ್ಲೂ ಬೆಳೆದದ್ದನ್ನಷ್ಟೇ ಮುಂದಕ್ಕೆ ಒಯ್ಯಬೇಕು. ತಂಡ ಇದನ್ನು ಬಿಡದೆ ಮಾಡಿತು.

ಡಿಎನ್‌ಎ ಸೇರಿಸಿದ್ದು ಲಿಥಿಯಂ ಅಸಿಟೇಟ್ ವಿಧಾನದಲ್ಲಿ: ಶೇ 50ರ ಪಿಇಜಿ-3350 ದ್ರಾವಣ 240 ಮೈಕ್ರೋಲೀಟರ್, 1 ಮೋಲಾರ್ ಲಿಥಿಯಂ ಅಸಿಟೇಟ್ 36, ಕುದಿಸಿ ತಣಿಸಿದ ವಾಹಕ ಡಿಎನ್‌ಎ 50, ಪಿಸಿಆರ್‌ನಿಂದ (ಡಿಎನ್‌ಎ ಪ್ರತಿ ಹೆಚ್ಚಿಸುವ ವಿಧಾನ) ಮಾಡಿದ ತುಂಡು ಮತ್ತು ನೀರು ಸೇರಿ 34, 42 ಡಿಗ್ರಿಯಲ್ಲಿ 40 ನಿಮಿಷ. ಔಷಧಿ ತಾಳುವ ಗುರುತಾದರೆ ಬಿಸಿಯ ನಂತರ ನೇರ ಪ್ಲೇಟಿಗೆ ಹಾಕಬಾರದು. ವೈಪಿಡಿ ಎಂಬ ಪೋಷಕ ದ್ರವದಲ್ಲಿ ಸುಮಾರು ಮೂರು ಗಂಟೆ ಬಿಟ್ಟು, ತಾಳುವ ಪ್ರೋಟೀನ್ ತಯಾರಾದ ಮೇಲೆ ಹರಡಬೇಕು. ಜಿ418 ಮಿಲಿಲೀಟರಿಗೆ 200 ಮೈಕ್ರೋಗ್ರಾಂ, ನರ್ಸಿಯೊತ್ರಿಸಿನ್ 100.

ದೃಢೀಕರಣದ ಪಿಸಿಆರ್‌ನಲ್ಲಿ ತಂಡ ಒಂದೇ ಬಗೆಯ ಜೋಡಣೆ ಓಡಿಸಿತು: ಜೀನಿನ ಹೊರಗಿನ ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ಚೂರು), ಗುರುತಿನ ಒಳಗಿನ ಪ್ರೈಮರ್. ಜೆಲ್ ಮೇಲೆ ಡಿಎನ್‌ಎ ಪಟ್ಟಿ ಸರಿಯಾದ ಅಳತೆಗೆ ಬಂತು, ತಳಿ ಫ್ರೀಜರಿಗೆ ಹೋಯಿತು. ಹೊರಗಿನ ಪ್ರೈಮರ್ ಜೊತೆ ಮೂಲ ಜೀನಿನ ಒಳಗಿನ ಪ್ರೈಮರ್ ಹಾಕಿ, ಆ ಪಟ್ಟಿ ಬರುವುದಿಲ್ಲ ಎಂದು ತೋರಿಸುವ ಇನ್ನೊಂದು ಜೋಡಣೆ ಆಗ ಓಡಲಿಲ್ಲ. ಮುಂದೆ ಇದಕ್ಕಾಗಿಯೇ ಮತ್ತೆ ಇಲ್ಲಿಗೆ ಬರಬೇಕಾಯಿತು.

ಸಮಸ್ಯೆ ಶುರುವಾದದ್ದು

ಮೊದಲ ಪರೀಕ್ಷೆ ಷೇಕರ್ ಮೇಲೆ: 250 ಮಿಲಿಲೀಟರ್ ಫ್ಲಾಸ್ಕ್, 50 ಮಿಲಿಲೀಟರ್ ವೈಪಿಡಿ, 30 ಡಿಗ್ರಿ, 200 ಸುತ್ತು. ಮೂಲ ತಳಿ, ಎರಡು ಒಂಟಿ ಅಳಿಕೆ, ಜೋಡಿ ಅಳಿಕೆ, ನಾಲ್ಕೂ ಬೆಳೆದವು. ಜೋಡಿ ಅಳಿಕೆ ತುಸು ನಿಧಾನ, ಅಷ್ಟೇ. ಟಿಪ್ಪಣಿಯಲ್ಲಿ "ಬದುಕಿಗೆ ತೊಂದರೆಯಿಲ್ಲ" ಎಂದು ಬರೆದುಕೊಂಡು ತಂಡ ಮುಂದೆ ಹೋಯಿತು. ಈ ಪ್ರಕರಣದ ಮೊದಲ ತಿರುವು ಆ ಸಾಲು.

ಫ್ಲಾಸ್ಕಿನಲ್ಲಿ ಗಾಳಿ ಧಾರಾಳವಾಗಿತ್ತು. ಗ್ಲೂಕೋಸ್ ಎಥನಾಲ್ ಆಗುವ ದಾರಿಯಲ್ಲಿ ಹುಟ್ಟಿದಷ್ಟೇ ಎನ್‌ಎಡಿಎಚ್ ಖರ್ಚಾಗುತ್ತದೆ, ಉಳಿಕೆ ಇಲ್ಲ. ಆದರೆ ಜೀವಕೋಶ ಬೆಳೆಯುವಾಗ ಅಮಿನೋ ಆಮ್ಲ ಮುಂತಾದವನ್ನು ಕಟ್ಟುವ ದಾರಿಗಳಲ್ಲಿ ಹೆಚ್ಚುವರಿ ಎನ್‌ಎಡಿಎಚ್ ಹುಟ್ಟುತ್ತದೆ. ಗಾಳಿ ಇದ್ದರೆ ಮೈಟೊಕಾಂಡ್ರಿಯದ ಹೊರಮುಖದ ಎನ್‌ಡಿಇ1, ಎನ್‌ಡಿಇ2 ಕಿಣ್ವಗಳು ಅದನ್ನು ಆಮ್ಲಜನಕದ ಕಡೆಗೆ ದಾಟಿಸುತ್ತವೆ. ಅದೂ ಒಂದು ಜೋಡಿಯೇ. ಇನ್ನು ಗ್ಲಿಸರಾಲ್-3-ಫಾಸ್ಫೇಟ್ ಕೋಶಪೊರೆಯ ಫಾಸ್ಫೋಲಿಪಿಡ್‌ಗಳಿಗೂ ಬುನಾದಿ. ಅದಿಲ್ಲದೆಯೂ ಜೋಡಿ ಅಳಿಕೆ ಬದುಕುವುದಕ್ಕೆ ಕಾರಣ, ಡೈಹೈಡ್ರಾಕ್ಸಿಅಸಿಟೋನ್ ಫಾಸ್ಫೇಟಿಗೇ ನೇರವಾಗಿ ಕೊಬ್ಬಿನಾಮ್ಲ ಹಚ್ಚಿ, ಆಮೇಲೆ ಎವೈಆರ್1 ಕಿಣ್ವದಿಂದ ಅಪಕರ್ಷಿಸುವ (ಎಲೆಕ್ಟ್ರಾನ್ ಕೊಡುವ) ಇನ್ನೊಂದು ದಾರಿ ಯೀಸ್ಟ್‌ನಲ್ಲಿದೆ. ಹೀಗಾಗಿ ಷೇಕರ್ ಫ್ಲಾಸ್ಕ್ ಈ ಎರಡು ಜೀನ್‌ಗಳನ್ನು ಪರೀಕ್ಷೆಗೇ ಒಡ್ಡಿರಲಿಲ್ಲ.

ಡಿಸ್ಟಿಲರಿಯ ತೊಟ್ಟಿಯಲ್ಲಿ ಗಾಳಿ ಇರುವುದಿಲ್ಲ. ಹಾಗಾಗಿ ಎರಡನೆಯ ಪರೀಕ್ಷೆ ಮುಚ್ಚಿದ ಬಾಟಲಿಯಲ್ಲಿ: ಕನಿಷ್ಠ ಮೀಡಿಯಂ, ಲೀಟರಿಗೆ 20 ಗ್ರಾಂ ಗ್ಲೂಕೋಸ್, ತಳಿಗೆ ಬೇಕಾದ ಪೂರಕಗಳು, ನೈಟ್ರೋಜನ್ ಹಾಯಿಸಿ ಮುಚ್ಚಳ, ಸಿಲಿಕೋನ್ ಕೊಳವೆಯ ಏರ್‌ಲಾಕ್ (ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ). ಇಲ್ಲಿ ಎಲ್ಲ ತಳಿಗಳೂ ಕೆಲವು ತಲೆಮಾರು ಬೆಳೆದು ನಿಂತವು, ಮೂಲ ತಳಿ ಕೂಡ. ಹೋಲಿಸಲು ಏನೂ ಉಳಿಯಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲ ಅನುಮಾನ ರಬ್ಬರ್ ಮುಚ್ಚಳದಿಂದ ವಿಷ ಇಳಿಯುತ್ತಿದೆ ಎಂದು. ಮುಚ್ಚಳ ಬದಲಿಸಿದರೂ ಫಲಿತಾಂಶ ಬದಲಾಗಲಿಲ್ಲ. ಎರಡನೆಯದು ಇಂಗಾಲದ ಡೈಆಕ್ಸೈಡ್ ಒತ್ತಡ. ಏರ್‌ಲಾಕ್ ಗುಳ್ಳೆ ಬಿಡುತ್ತಲೇ ಇದ್ದುದರಿಂದ ಅದೂ ಬಿದ್ದುಹೋಯಿತು. ದಾರಿ ತೋರಿಸಿದ್ದು ಮೂಲ ತಳಿಯ ನಡತೆಯೇ. ಅಳಿಸದ ತಳಿ ನಿಲ್ಲುತ್ತಿದೆ ಎಂದರೆ ಕೊರತೆ ಜೀನಿನದಲ್ಲ, ಮೀಡಿಯಂನದು.

ಯೀಸ್ಟ್ ತನ್ನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಕಟ್ಟಲು ಆಮ್ಲಜನಕ ಬೇಕು. ಸ್ಕ್ವಾಲೀನ್ ಎಪಾಕ್ಸಿಡೇಸ್ ಹೆಜ್ಜೆ ಅದಿಲ್ಲದೆ ಸಾಗದು. ಒಲೆಯಿಕ್ ಆಮ್ಲದಂಥ ಅಪರ್ಯಾಪ್ತ ಕೊಬ್ಬಿನಾಮ್ಲ ಮಾಡುವ ಒಎಲ್‌ಇ1 ಕಿಣ್ವಕ್ಕೂ ಅಷ್ಟೇ. ಗಾಳಿಯಲ್ಲಿ ಬೆಳೆದ ಬಿತ್ತನೆ ಕೋಶಗಳಲ್ಲಿ ಇವೆರಡರ ದಾಸ್ತಾನು ಇರುತ್ತದೆ. ಒಂದೊಂದು ವಿಭಜನೆಗೂ ಅದು ಅರ್ಧವಾಗುತ್ತಾ ಹೋಗಿ ಕಡೆಗೆ ಬೆಳವಣಿಗೆ ನಿಲ್ಲುತ್ತದೆ. ಪರಿಹಾರ ಹಳೆಯದು, ಪಕ್ಕಾ: ಲೀಟರಿಗೆ 10 ಮಿಲಿಗ್ರಾಂ ಎರ್ಗೊಸ್ಟೆರಾಲ್, 420 ಮಿಲಿಗ್ರಾಂ ಟ್ವೀನ್ 80 (ಒಲೆಯಿಕ್ ಆಮ್ಲ ಒದಗಿಸುವ ಸಾಬೂನಿನಂಥ ವಸ್ತು). ಎರ್ಗೊಸ್ಟೆರಾಲ್ ನೀರಿನಲ್ಲಿ ಕರಗದು. ಬಿಸಿ ಎಥನಾಲ್‌ನಲ್ಲಿ ಟ್ವೀನ್ ಜೊತೆ ಕರಗಿಸಿ ಬಿಸಿಯಿರುವಾಗಲೇ ಸೇರಿಸಬೇಕು, ತಣ್ಣಗಾದರೆ ಗರಣೆಗಟ್ಟುತ್ತದೆ. ಹೀಗೆ ಸೇರಿದ ಎಥನಾಲ್ ಅಂತಿಮ ಎಥನಾಲ್ ಲೆಕ್ಕದಲ್ಲಿ ನುಸುಳುತ್ತದೆ, ಆದ್ದರಿಂದ ಯೀಸ್ಟ್ ಹಾಕದ ಬಾಟಲಿಯೊಂದನ್ನು ಜೊತೆಗಿಟ್ಟು ಅದರ ಅಳತೆಯನ್ನು ಕಳೆಯಬೇಕು.

ಇದಾದ ಮೇಲೆ ಚಿತ್ರ ಬಿಡಿಸಿಕೊಂಡಿತು. ಮೂಲ ತಳಿ ಬೆಳೆಯಿತು. ಜಿಪಿಡಿ1 ಅಳಿಕೆ ಅದರ ಬೆನ್ನಿಗೇ ಇತ್ತು. ಜಿಪಿಡಿ2 ಅಳಿಕೆ ಸ್ಪಷ್ಟವಾಗಿ ಹಿಂದೆ ಬಿತ್ತು. ಜೋಡಿ ಅಳಿಕೆ ಮಾತ್ರ ಒಂದು ಬಾಟಲಿಯಲ್ಲಿ ಬೆಳೆಯಲಿಲ್ಲ, ಇನ್ನೊಂದರಲ್ಲಿ ತಡವಾಗಿ ಬೆಳೆಯಿತು. ಅದೇ ತಳಿಗಳನ್ನು ಅಗಾರ್ ಪ್ಲೇಟಿನಲ್ಲಿ ಕ್ಯಾಂಡಲ್ ಜಾರಿನೊಳಗೆ (ಮೇಣದಬತ್ತಿ ಉರಿಸಿ ಮುಚ್ಚಿದ ಜಾರು) ಇಟ್ಟಾಗ ಎಲ್ಲವೂ ಬೆಳೆದವು. ಅದರ ಮೇಲೆ ಅಳೆದ ಗ್ಲಿಸರಾಲ್ ಇನ್ನೂ ಗೋಜಲು ಮಾಡಿತು: ಜೋಡಿ ಅಳಿಕೆಯ ಫ್ಲಾಸ್ಕಿನಲ್ಲಿ ಮೂಲ ತಳಿಯ ಅರ್ಧದಷ್ಟು ಗ್ಲಿಸರಾಲ್! ಗ್ಲಿಸರಾಲ್ ಮಾಡುವ ಮೂರನೆಯ ಜೀನ್ ಒಂದಿದೆ ಎಂಬ ಊಹೆ ಈ ಹಂತದಲ್ಲಿ ಜೋರಾಗಿತ್ತು. ಅದನ್ನು ಹುಡುಕುವ ಯೋಜನೆಯ ಕರಡೂ ತಯಾರಾಯಿತು.

ಅದನ್ನು ತಡೆದು, ಕಂಡ ವಿಚಿತ್ರಗಳಿಗೆ ಸಾಮಾನ್ಯ ಕಾರಣಗಳನ್ನು ಒಂದೊಂದಾಗಿ ಹುಡುಕೋಣ ಎಂದು ನಿರ್ಧರಿಸಿದ್ದು ಎರಡನೆಯ ತಿರುವು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ತೀರ್ಮಾನವೂ ಅದೇ.

ಗ್ಲಿಸರಾಲ್ ಒಗಟು ಕಾಗದದ ಮೇಲೆ ಲೆಕ್ಕ ಹಾಕಿದ ಕೂಡಲೇ ಬಿಡಿತು. ತಳಿಗಳನ್ನು ಫ್ರೀಜರಿನಲ್ಲಿ ಇಟ್ಟಿದ್ದು ಶೇ 20 ಗ್ಲಿಸರಾಲ್‌ನಲ್ಲಿ. ಬಿತ್ತುವಾಗ ಕರಗಿದ ಸ್ಟಾಕಿನಿಂದ 100 ಮೈಕ್ರೋಲೀಟರನ್ನು ನೇರವಾಗಿ 50 ಮಿಲಿಲೀಟರಿಗೆ ಹಾಕುತ್ತಿದ್ದರು. ಅಷ್ಟು ಸ್ಟಾಕಿನಲ್ಲಿ ಗ್ಲಿಸರಾಲ್ ಸುಮಾರು 25 ಮಿಲಿಗ್ರಾಂ. 50 ಮಿಲಿಲೀಟರಿಗೆ ಅದು ಲೀಟರಿಗೆ ಅರ್ಧ ಗ್ರಾಂ. ಮೂಲ ತಳಿ 20 ಗ್ರಾಂ ಗ್ಲೂಕೋಸಿನಿಂದ ಮಾಡುವುದೇ ಒಂದು ಗ್ರಾಂ ಆಸುಪಾಸು. "ಮೂರನೆಯ ಜೀನ್" ಫ್ರೀಜರ್ ಟ್ಯೂಬಿನಲ್ಲಿತ್ತು. ಪ್ಲೇಟಿಗೆ ಗೀರಿ, ಒಂಟಿ ಕಾಲೊನಿಯಿಂದ ದ್ರವಕ್ಕೆ ಹೋಗಿ, ತೊಳೆದು ಬಿತ್ತಿದಾಗ ಜೋಡಿ ಅಳಿಕೆಯ ಗ್ಲಿಸರಾಲ್ ಬರೀ ಕುರುಹಿನಷ್ಟಕ್ಕೆ ಇಳಿಯಿತು.

ಕ್ಯಾಂಡಲ್ ಜಾರ್ ವಿಷಯ ಇನ್ನೂ ಸರಳ. ಮೇಣದಬತ್ತಿ ಆರಿದಾಗ ಜಾರಿನಲ್ಲಿ ಆಮ್ಲಜನಕ ಮುಗಿದಿರುವುದಿಲ್ಲ. ಬಹುಪಾಲು ಹಾಗೇ ಇರುತ್ತದೆ. ಆ ಜಾರು ಇಂಗಾಲದ ಡೈಆಕ್ಸೈಡ್ ಹೆಚ್ಚು ಬೇಕಾದ ಬ್ಯಾಕ್ಟೀರಿಯಗಳಿಗಾಗಿ ಇರುವಂಥದ್ದು. ಆಮ್ಲಜನಕ ಹೀರುವ ಸ್ಯಾಶೆ ಹಾಕಿದ ಆನರೋಬಿಕ್ ಜಾರ್, ಒಳಗೊಂದು ಮೆಥಿಲೀನ್ ಬ್ಲೂ ಪಟ್ಟಿ (ಅದು ಬಿಳಿಚುವವರೆಗೂ ಪರೀಕ್ಷೆ ಶುರುವಾದಂತಲ್ಲ), ಇಷ್ಟು ಬೇಕು. ಬಾಟಲಿಗಳಲ್ಲಿ ದೋಷ ಸಿಲಿಕೋನ್ ಕೊಳವೆಯದು. ಸಿಲಿಕೋನ್ ನೀರು ಸೋರಿಸದು, ಆದರೆ ಅದರ ಗೋಡೆಯ ಮೂಲಕ ಆಮ್ಲಜನಕ ಸರಾಗವಾಗಿ ನುಸುಳುತ್ತದೆ. ಕೊಳವೆ ಉದ್ದವಿದ್ದ ಬಾಟಲಿಯಲ್ಲೇ ಜೋಡಿ ಅಳಿಕೆ ಬೆಳೆದಿತ್ತು. ಬ್ಯುಟೈಲ್ ರಬ್ಬರ್ ಮುಚ್ಚಳ ಹಾಕಿ, ಕೊಳವೆಯನ್ನು ತೀರಾ ಚಿಕ್ಕದು ಮಾಡಿದ ಮೇಲೆ ಆ ಬೆಳವಣಿಗೆ ನಿಂತಿತು.

ಕೊನೆಯ ವಿಚಿತ್ರ ಉಳಿದಿತ್ತು: ಒಂದು ಸ್ಟಾಕಿನಿಂದ ಬಿತ್ತಿದ ಬಾಟಲಿ ಬಿಗಿಯಾಗಿ ಮುಚ್ಚಿದ್ದರೂ ಬೆಳೆಯುತ್ತಿತ್ತು. ಆಗ ಓಡಿಸದೆ ಬಿಟ್ಟಿದ್ದ ಪಿಸಿಆರ್ ಜೋಡಣೆ ಈಗ ಓಡಿತು. ಜಿಪಿಡಿ2ರ ಮೂಲ ಪಟ್ಟಿ ಎದ್ದು ನಿಂತಿತು, ಅಳಿಕೆಯ ಪಟ್ಟಿಯೂ ಜೊತೆಗಿತ್ತು. ಹೀಗೆ ಎರಡೂ ಬರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಕಾಲೊನಿ ಬೆರಕೆ. ಎರಡು, ಆ ಜೀನ್ ಇರುವ ಕ್ರೋಮೊಸೋಮ್ ಎರಡು ಪ್ರತಿ ಆಗಿರುವುದು. ಎರಡನೆಯದನ್ನು ತಳ್ಳಿಹಾಕುವಂತಿಲ್ಲ. 2000ದಲ್ಲಿ ಸುಮಾರು 300 ಅಳಿಕೆ ತಳಿಗಳನ್ನು ಪರಿಶೀಲಿಸಿದಾಗ ನೂರಕ್ಕೆ ಎಂಟರಷ್ಟರಲ್ಲಿ ಕ್ರೋಮೊಸೋಮ್ ಲೆಕ್ಕವೇ ಏರುಪೇರಾಗಿತ್ತು. ಅವುಗಳಲ್ಲಿ ಕೆಲವು, ಅಳಿಸಿದ ಜೀನಿನ ಹತ್ತಿರದ ನಂಟಿನ ಜೀನ್ ಇರುವ ಕ್ರೋಮೊಸೋಮನ್ನೇ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದವು. ಇಲ್ಲಿ ಮಾತ್ರ ಮರುಗೀರಿದಾಗ ಎರಡು ಬಗೆಯ ಕಾಲೊನಿಗಳು ಬೇರ್ಪಟ್ಟವು: ಬೆರಕೆಯೇ ಆಗಿತ್ತು. ಒಂಟಿ ಕಾಲೊನಿಯಿಂದ ಹೊಸ ಸ್ಟಾಕ್ ಮಾಡಿ, ಬೇರೆಬೇರೆ ಸಲ ಡಿಎನ್‌ಎ ಸೇರಿಸಿದ್ದರಿಂದ ಬಂದ ಎರಡು ಜೋಡಿ ಅಳಿಕೆಗಳನ್ನು ಜೊತೆಜೊತೆಗೆ ಓಡಿಸುವ ಪದ್ಧತಿ ಅಲ್ಲಿಂದ ಶುರುವಾಯಿತು.

ಏನು ಕಂಡುಬಂತು

ಗಾಳಿಯಿಲ್ಲದೆ ಜೋಡಿ ಅಳಿಕೆ ಬೆಳೆಯುವುದಿಲ್ಲ. ಇದು 1990ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಕ್ಕೆ ಸರಿಹೊಂದುತ್ತದೆ. ಆದರೆ ಬೆಳೆಯದಿರಲು ಕಾರಣ ಎನ್‌ಎಡಿಎಚ್ ಗಂಟುಬೀಳುವುದೇ, ಅಥವಾ ಬೇರೇನಾದರೂ ಪೋಷಕದ ಕೊರತೆಯೇ? ಇದನ್ನು ಬೇರ್ಪಡಿಸಲು ತಂಡ ಅಸಿಟಾಯಿನ್ ಬಳಸಿತು. ಯೀಸ್ಟ್ ಇದನ್ನು ಬ್ಯುಟೇನ್‌ಡಯಾಲ್ ಆಗಿ ಅಪಕರ್ಷಿಸುತ್ತದೆ. ಒಂದು ಅಸಿಟಾಯಿನ್‌ಗೆ ಒಂದು ಎನ್‌ಎಡಿಎಚ್ ಖರ್ಚು. ಈ ಕೆಲಸಕ್ಕೆ ಅಸಿಟಾಲ್ಡಿಹೈಡ್ ಕೂಡ ಆದೀತು, ಆದರೆ ಸುಮಾರು 20 ಡಿಗ್ರಿಗೇ ಕುದಿಯುವ ಅದು 30 ಡಿಗ್ರಿಯ ಬಾಟಲಿಯಿಂದ ಹಾರಿಹೋಗುತ್ತದೆ. ಪ್ರಮಾಣ ಹೀಗೆ ಲೆಕ್ಕ ಹಾಕಿದರು: ಮೂಲ ತಳಿಯ ಒಂದು ಗ್ರಾಂ ಗ್ಲಿಸರಾಲ್ ಅಂದರೆ ಸುಮಾರು 11 ಮಿಲಿಮೋಲ್, ಅಷ್ಟೇ ಮಿಲಿಮೋಲ್ ಅಸಿಟಾಯಿನ್ ಕೂಡ ಸುಮಾರು ಒಂದು ಗ್ರಾಂ. ಲೀಟರಿಗೆ ಅಷ್ಟು ಹಾಕಿದಾಗ ಜೋಡಿ ಅಳಿಕೆ ಬೆಳೆಯಿತು. ಅರ್ಧ ಹಾಕಿದ ಬಾಟಲಿ ನಡುವೆಯೇ ನಿಂತಿತು. ಪೋಷಕದ ಕೊರತೆ ಎಂಬ ವಾದಕ್ಕೆ ಆಮೇಲೆ ಜಾಗ ಉಳಿಯಲಿಲ್ಲ.

ಉಪ್ಪಿನ ಪರೀಕ್ಷೆಯಲ್ಲಿ ಜೋಡಿಯ ಪಾತ್ರ ತಿರುವುಮುರುವಾಯಿತು. ಹೊರಗೆ ಉಪ್ಪು ಅಥವಾ ಸಕ್ಕರೆ ಏರಿದಾಗ ನೀರು ಕಳೆದುಕೊಳ್ಳದಂತೆ ಯೀಸ್ಟ್ ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಈ ಒತ್ತಡದ ಸುದ್ದಿ ಸಾಗಿಸುವ ಹಾಗ್1 ಸಂಕೇತ ದಾರಿ ಎಬ್ಬಿಸುವುದು ಜಿಪಿಡಿ1ನ್ನು. ಜಿಪಿಡಿ2 ಎಚ್ಚರಗೊಳ್ಳುವುದು ಗಾಳಿ ಇಲ್ಲದಾಗ. ಲಾಗ್ ಹಂತದ (ಚುರುಕಾಗಿ ಬೆಳೆಯುತ್ತಿರುವ) ಕೋಶಗಳನ್ನು ಹತ್ತರ ಪಟ್ಟಿನಲ್ಲಿ ತೆಳುಮಾಡಿ 5 ಮೈಕ್ರೋಲೀಟರ್ ಚುಕ್ಕಿಗಳಾಗಿ ಇಟ್ಟಾಗ, 0.8 ಮೋಲಾರ್ ಉಪ್ಪಿನ ಪ್ಲೇಟಿನಲ್ಲಿ ಜಿಪಿಡಿ1 ಅಳಿಕೆ ಸೊರಗಿತು, ಜಿಪಿಡಿ2 ಅಳಿಕೆ ಮೂಲ ತಳಿಯಂತೆ ಬೆಳೆಯಿತು, ಜೋಡಿ ಅಳಿಕೆ ಎಲ್ಲಕ್ಕಿಂತ ಕೆಳಗೆ.

ಇಲ್ಲಿ ಮೂರು ಎಚ್ಚರ ಬೇಕು. ಸೋಡಿಯಂ ತಾನೇ ವಿಷ, ಆದ್ದರಿಂದ ಲೀಟರಿಗೆ 182 ಗ್ರಾಂ ಸಾರ್ಬಿಟಾಲ್ ಹಾಕಿದ 1 ಮೋಲಾರ್ ಪ್ಲೇಟ್ ಜೊತೆಗಿರಲೇಬೇಕು. ಎರಡರಲ್ಲೂ ಸೊರಗಿದರೆ ಮಾತ್ರ ಅದು ಆಸ್ಮೋಟಿಕ್ (ಕೋಶದಿಂದ ನೀರು ಸೆಳೆಯುವ ಒತ್ತಡದ) ತೊಂದರೆ. ರಾತ್ರಿಯಿಡೀ ಬೆಳೆದು ಬೆಳವಣಿಗೆ ನಿಂತ ಕೋಶಗಳು ಒತ್ತಡಕ್ಕೆ ಮೊದಲೇ ಒಗ್ಗಿರುತ್ತವೆ, ವ್ಯತ್ಯಾಸ ಮಸುಕಾಗುತ್ತದೆ. ಮತ್ತೆ ಅದೇ ಫ್ರೀಜರ್ ಗ್ಲಿಸರಾಲ್: ಎಸ್‌ಟಿಎಲ್1 ಎಂಬ ಸಾಗಣೆ ಪ್ರೋಟೀನ್ ಮೂಲಕ ಯೀಸ್ಟ್ ಹೊರಗಿನ ಗ್ಲಿಸರಾಲನ್ನು ಒಳಗೆ ಎಳೆದುಕೊಳ್ಳಬಲ್ಲದು, ಸ್ಟಾಕಿನಿಂದ ನೇರ ಇಟ್ಟ ಚುಕ್ಕಿ ಬದುಕಿದರೆ ನಂಬುವಂತಿಲ್ಲ.

ಜೀನ್‌ಗಳನ್ನು ಮರಳಿಸುವ ಪರೀಕ್ಷೆಯೂ ಆಯಿತು. ಯುಆರ್‌ಎ3 ಗುರುತಿನ, ಒಂದು-ಎರಡು ಪ್ರತಿಯಷ್ಟೇ ಇರುವ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದಲ್ಲಿ ಜಿಪಿಡಿ2ನ್ನು ಅದರದೇ ಪ್ರೊಮೋಟರ್ ಸಮೇತ ಜೋಡಿ ಅಳಿಕೆಗೆ ಕೊಟ್ಟಾಗ ಗಾಳಿಯಿಲ್ಲದ ಬೆಳವಣಿಗೆ ಮರಳಿತು. ಖಾಲಿ ಪ್ಲಾಸ್ಮಿಡ್ ಕೊಟ್ಟದ್ದು ಹಾಗೇ ಇತ್ತು.

ಇದರಿಂದ ಕಲಿಯುವುದು

ಕಿಣ್ವದ ಕೆಲಸ ಒಂದೇ, ಸಂದರ್ಭ ಬೇರೆ. ಇಂಥ ಜೋಡಿಯಲ್ಲಿ ಒಂದನ್ನು ಅಳಿಸಿ "ಪರಿಣಾಮವಿಲ್ಲ" ಎಂದು ಬರೆಯುವ ಮೊದಲು ಕನಿಷ್ಠ ನಾಲ್ಕು ಚೌಕಗಳ ಪರೀಕ್ಷೆ ಬೇಕು: ಗಾಳಿ ಇದ್ದು ಒತ್ತಡವಿಲ್ಲದೆ, ಗಾಳಿ ಇದ್ದು ಒತ್ತಡದಲ್ಲಿ, ಗಾಳಿಯಿಲ್ಲದೆ ಒತ್ತಡವೂ ಇಲ್ಲದೆ, ಗಾಳಿಯಿಲ್ಲದೆ ಒತ್ತಡದಲ್ಲಿ. ಪ್ರತಿ ಚೌಕದಲ್ಲೂ ನಾಲ್ಕು ತಳಿ. ಮೂಲ ತಳಿ ಬೆಳೆಯದ ಚೌಕದ ಫಲಿತಾಂಶವನ್ನು ಓದಲೇಬಾರದು. ಜೋಡಿ ಅಳಿಕೆ ಬೆಳೆದ ಚೌಕದಲ್ಲಿ ಮೊದಲು ಗಾಳಿಸೋರಿಕೆ, ಆಮೇಲೆ ತಳಿಯ ಶುದ್ಧತೆ, ಇವೆರಡೂ ಸರಿಯಿದ್ದರೆ ಮಾತ್ರ ಹೊಸ ಜೀನಿನ ಮಾತು.

ಕಾಕಂಬಿ ವಾಶ್ ಈ ನಾಲ್ಕನೆಯ ಚೌಕದಲ್ಲೇ ಇದೆ. ಶುರುವಿನ ಗಂಟೆಗಳಲ್ಲಿ ಸಕ್ಕರೆ ಮತ್ತು ಲವಣದ ಒತ್ತಡ ತೀವ್ರ, ಅಲ್ಲಿ ಜಿಪಿಡಿ1 ಬೇಕು. ಗಾಳಿ ಮುಗಿದು ಕೋಶ ಇನ್ನೂ ಬೆಳೆಯುತ್ತಿರುವಾಗ ಜಿಪಿಡಿ2 ಬೇಕು. ಹೀಗಾಗಿ ಎರಡನ್ನೂ ಅಳಿಸುವ ಮೂಲ ಯೋಜನೆಯನ್ನು ತಂಡ ಕೈಬಿಟ್ಟಿತು. ಎನ್‌ಎಡಿಎಚ್‌ಗೆ ಬೇರೆ ದಾರಿ ತೋರಿಸುವ ಉಪಾಯ ಗೊತ್ತಿರುವಂಥದ್ದೇ. 2010ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಗುಂಪು ಜೋಡಿ ಅಳಿಕೆ ಯೀಸ್ಟ್‌ಗೆ ಇ. ಕೊಲೈನ ಎಂಎಚ್‌ಪಿಎಫ್ ಜೀನ್ ಸೇರಿಸಿ, ಅಸಿಟಿಕ್ ಆಮ್ಲವನ್ನು ಎಥನಾಲ್ ಆಗಿ ಅಪಕರ್ಷಿಸುವಂತೆ ಮಾಡಿ ಗಾಳಿಯಿಲ್ಲದೆ ಬೆಳೆಸಿತ್ತು. ಆ ದಾರಿ ಎನ್‌ಎಡಿಎಚ್ ಗಂಟನ್ನು ಬಿಡಿಸುತ್ತದೆ, ಆಸ್ಮೋಟಿಕ್ ಒತ್ತಡಕ್ಕೆ ಬೇಕಾದ ಗ್ಲಿಸರಾಲನ್ನು ಕೊಡುವುದಿಲ್ಲ.

ತಂಡ ಕೊನೆಗೆ ಆರಿಸಿದ್ದು ಜಿಪಿಡಿ1ನ್ನು ಮುಟ್ಟದೆ, ಜಿಪಿಡಿ2 ಮಾತ್ರ ಅಳಿಸಿ, ಅದರ ಜಾಗದಲ್ಲಿ ಎಂಎಚ್‌ಪಿಎಫ್ ಕೂರಿಸುವ ತಳಿ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಪ್ರಯೋಗಾಲಯ ಮಟ್ಟದ ಅರ್ಜಿ ಹೋಗಿದೆ. ಮೊದಲ ಬಾಟಲಿಗಳಲ್ಲಿ ಮೂಲ ತಳಿ, ಜಿಪಿಡಿ2 ಅಳಿಕೆ, ಹೊಸ ತಳಿ ಮೂರನ್ನೂ ಒಂದೇ ಕಾಕಂಬಿ ಮಾದರಿಯಲ್ಲಿ, ಎರ್ಗೊಸ್ಟೆರಾಲ್ ಮತ್ತು ಟ್ವೀನ್ ಹಾಕಿ, ಬ್ಯುಟೈಲ್ ಮುಚ್ಚಳದಡಿ ಓಡಿಸುವುದು ಯೋಜನೆ. ಕಾಕಂಬಿಯಲ್ಲಿ ಮೊದಲೇ ಇರುವ ಅಸಿಟಿಕ್ ಆಮ್ಲವನ್ನು ಬಿತ್ತುವ ಮುಂಚೆ ಅಳೆದಿಟ್ಟುಕೊಳ್ಳಬೇಕು, ಪಿಎಚ್ 5ರ ಆಸುಪಾಸಿನಲ್ಲಿ ಹಿಡಿಯಬೇಕು. ಪಿಎಚ್ ಅದಕ್ಕಿಂತ ತೀರಾ ಇಳಿದರೆ ಆ ಆಮ್ಲ ಅಯಾನಾಗದೆ ಕೋಶದೊಳಗೆ ನುಗ್ಗಿ ಬೆಳವಣಿಗೆಯನ್ನೇ ತಡೆಯುತ್ತದೆ, ಆಗ ಸೊರಗಿದ್ದು ಜೀನಿನಿಂದಲೋ ಆಮ್ಲದಿಂದಲೋ ಎಂದು ಹೇಳಲಾಗದು.